ಮೂಗಪ್ಪ ಕಡೆದ ಪೆನ್ನುಗಳು

“ಎಲ್ಲರೂ ಎರಡು ಹೆಜ್ಜೆ ಹಿಂದಕ್ಕೆ ನಿಂತ್ಕೊಳ್ಳಿ! ಗೌರಾ, ನೀನು ಮೂರು ಹೆಜ್ಜೆ!”

ಪಂಚಾಕ್ಷರಿಯವರು ಹಿತ್ತಲಿನ ಶೆಡ್ಡಿನಲ್ಲಿ ನಿಂತು ಘೋಷಿಸಿದರು. ಎಲ್ಲರೂ ಅಂದರೆ ಅಲ್ಲಿದ್ದವರು ಇಬ್ಬರೇ. ಅವರ ಹೆಂಡತಿ ಗೌರಾಂಬ, ಆಕೆಯ ತಮ್ಮ ಗುರುಮಲ್ಲಪ್ಪ.

“ನನಗ್ಯಾಕೆ ಮೂರು?” ಎಂದರು ಗೌರಾಂಬ.

“ನಿನ್ನ ಸೆರಗು ಉದ್ದ. ಲೇತಿಗೆ ಸಿಕ್ಕಿದ್ರೆ ನೀನೂ ಪೆನ್ನಾಗ್ತೀಯ.”

“ಆದ್ರೆ ಒಳ್ಳೇದೇ ಆಯ್ತು. ಪೆನ್ನನ್ನಾದ್ರೆ ದಿನಕ್ಕೊಂದು ಸಲ ಕೈಗೆತ್ತಿಕೊಂಡು ನೋಡ್ತೀರ!”

ಗುರುಮಲ್ಲಪ್ಪನವರಿಗೆ ನಗು ಬರಲಿಲ್ಲ. ಮೈಸೂರಿನ ‘ಲೇಖನಿ ಬಳಗ’ಕ್ಕೆ ಅವರು ಹತ್ತೊಂಬತ್ತು ವರ್ಷಗಳಿಂದ ಕಾರ್ಯದರ್ಶಿ. ಬಳಗದ ಬೆಳ್ಳಿಹಬ್ಬಕ್ಕೆ ಇನ್ನು ಎರಡೇ ವಾರ. ಬಂದವರಿಗೆಲ್ಲ ಪೈನ್ ಮರದ ನೂರಾ ಒಂದು ಪೆನ್ನು ಹಂಚುವುದಾಗಿ ಸಭೆಯಲ್ಲಿ ಎದ್ದು ನಿಂತು ಮಾತು ಕೊಟ್ಟಿದ್ದವರು ಅವರೇ. ಕಡೆದು ಕೊಡಬೇಕಾದ ಭಾವನನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ.

ಭಾವನ ಕೈ ಚೊಕ್ಕ, ಅದರಲ್ಲಿ ಎರಡು ಮಾತಿಲ್ಲ. ಊರಿನ ಕಾರ್ಖಾನೆಗಳಿಗೆ ಹೊರದೇಶದ ಯಂತ್ರಗಳು ಬರುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ತಂದು, ಸೀಳಿ, ಮರ ತಿರುಗಿಸಿ ಕೆತ್ತುವ ಲೇತಿನಲ್ಲಿ ಕಡೆದು, ಜೇನಿನ ಬಣ್ಣದ ಗೆರೆ ಮೂಡುವಂತೆ ಪೆನ್ನು ಮಾಡುತ್ತಿದ್ದರು. ಆದರೆ ದಿನಕ್ಕೆ ಎರಡೇ. ಲೆಕ್ಕ ಹಾಕಿ ನೋಡಿದ ಪಂಚಾಕ್ಷರಿಯವರು ಭಾವಮೈದುನನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದರ ಬದಲು ಈ ಯಂತ್ರ ಕಟ್ಟಿದರು.

ಪೈನ್ ಹಲಗೆಯದೇ ಮೈ, ಅದರ ಮೇಲೆ ದಪ್ಪನೆ ನೀಲಿ ಪೇಂಟು. ಕೆಳಗೆ ನಾಲ್ಕು ಟ್ರಾಲಿ ಚಕ್ರ, ಹೊಟ್ಟೆಯೊಳಗೆ ಲೇತು, ಪಕ್ಕಕ್ಕೆರಡು ಕಬ್ಬಿಣದ ಕೈ. ಮುಂದುಗಡೆ ಹಳೆಯ ಬಸ್ಸಿನ ಹಾರನ್ನಿನ ರಬ್ಬರ್ ಬುಡ್ಡೆಯಿಂದ ಮಾಡಿದ ದೊಡ್ಡದೊಂದು ಮೂಗು! ಕಣ್ಣೂ ಇಲ್ಲ, ಬಾಯಿಯೂ ಇಲ್ಲ. ಗೌರಾಂಬ ಅದಕ್ಕೆ ಮೊದಲ ದಿನವೇ ಮೂಗಪ್ಪ ಎಂದು ಹೆಸರಿಟ್ಟಿದ್ದರು.

“ನೋಡು ಗುರುಮಲ್ಲು, ಇದರ ಮಿದುಳಿಗೆ ಪೈನ್ ವಾಸನೆಯನ್ನ ಹತ್ತು ಸಾವಿರ ಸಲ ಮೂಸಿಸಿ ಕಲಿಸಿದೀನಿ. ತಾನೇ ಹುಡುಕುತ್ತೆ, ತಾನೇ ಕಡೆಯುತ್ತೆ!”

ಮೇಜಿನ ಮೇಲೆ ತೇಗ, ಮಾವು, ಬೇವು, ಹೊನ್ನೆ, ಪೈನ್ ಎಂದು ಐದು ತುಂಡುಗಳಿದ್ದವು. ಮೂಗಪ್ಪ ಸುಂಯ್ ಸುಂಯ್ ಎಂದು ಒಂದೊಂದನ್ನೇ ಮೂಸುತ್ತ ಹೋಗಿ ಪೈನನ್ನು ಗಬಕ್ಕನೆ ಬಾಚಿಕೊಂಡಿತು. ಕೈಯ ಗರಗಸದಿಂದ ಬೆರಳುದ್ದ ಕತ್ತರಿಸಿತು, ಉದ್ದಕ್ಕೆ ತೂತು ಕೊರೆದು ಹಿತ್ತಾಳೆ ಕೊಳವೆ ತೂರಿಸಿತು. ಲೇತು ತಿರುಗಿತು, ಉಳಿ ತಾಗಿತು, ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ ಗೌರಾಂಬರ ತಲೆ ತುಂಬಿತು. ಉಪ್ಪುಕಾಗದದಿಂದ ಉಜ್ಜಿ, ಮೇಣ ಸವರಿ, ಕ್ಲಿಪ್ಪು ರೀಫಿಲ್ಲು ಸಿಕ್ಕಿಸಿ, ನಾಲ್ಕು ನಿಮಿಷಕ್ಕೆ ಪೆನ್ನು ಹೊರಗೆ!

ಗುರುಮಲ್ಲಪ್ಪ ಅದರಲ್ಲಿ ತಮ್ಮ ಹೆಸರು ಬರೆದು ನೋಡಿದರು. ಕೆಳಗೆ ತಮಗೇ ತಿಳಿಯದಂತೆ ‘ಅಧ್ಯಕ್ಷ’ ಎಂದು ಬರೆದು, ಬೆಚ್ಚಿಬಿದ್ದು ಹೊಡೆದು ಹಾಕಿದರು.

“ಚೆನ್ನಾಗಿದೆ ಭಾವ. ಆದ್ರೆ ಆಹ್ವಾನ ಪತ್ರಿಕೇಲಿ ‘ಕೈಯಿಂದಲೇ ಮಾಡಿದ ಪೆನ್ನು’ ಅಂತ ಹಾಕಿಸಿಬಿಟ್ಟಿದೀನಲ್ಲ?”

“ಮತ್ತೆ ಸ್ವಿಚ್ಚನ್ನ ನಾನೇನು ಕಾಲಲ್ಲಿ ಒತ್ತಿದ್ನಾ?”

ಕಾರ್ಯದರ್ಶಿಗಳು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಮನೆಗೆ ಹೊರಟರು.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನ ಫೋನು ಬಂತು. “ಗುರುಮಲ್ಲು, ಈಗಿಂದೀಗ್ಲೇ ಬಾ. ಇಲ್ಲಾಂದ್ರೆ ನಿಮ್ಮ ಭಾವ ಉಳಿಯಲ್ಲ!”

ಗುರುಮಲ್ಲಪ್ಪ ಓಡಿ ಬಂದಾಗ ಮೂಗಪ್ಪ ಅಡುಗೆಮನೆಯ ನಟ್ಟನಡುವೆ ನಿಂತಿತ್ತು. ಅದರ ಮುಂದೆ ಸಾಲಾಗಿ ಒಂಬತ್ತು ಪೆನ್ನು. ಲಟ್ಟಣಿಗೆಯದು ಎರಡು, ಊಟದ ಮಣೆಯದು ಆರು, ಇನ್ನೊಂದು ಮಜ್ಜಿಗೆ ಕಡೆಗೋಲಿನದು.

“ಕಡೆಯೋ ಕೋಲನ್ನೇ ಕಡೆದುಬಿಟ್ಟಿದೆಯಲ್ಲೋ!” ಗೌರಾಂಬ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. “ಇದರಲ್ಲಿ ಪೈನ್ ಎಲ್ಲಿತ್ತು ಕೇಳು ನಿಮ್ಮ ಭಾವನ್ನ!”

ಪಂಚಾಕ್ಷರಿಯವರು ಮೊಣಕಾಲೂರಿ ನೆಲ ಮೂಸುತ್ತಿದ್ದರು. ಆಮೇಲೆ ಮೂಲೆಯಲ್ಲಿದ್ದ ಫಿನಾಯಿಲ್ ಬಾಟಲಿ ಮೂಸಿದರು. ಅವರ ಮುಖ ಅರಳಿತು.

“ಸಿಕ್ತು! ಇದರೊಳಗೆ ಪೈನ್ ಎಣ್ಣೆ ಇದೆ ಕಣೇ! ನೀನು ಅಡುಗೆಮನೆ ಒರೆಸಿದೀಯ, ಮಣೆ ಒರೆಸಿದೀಯ, ಅದೇ ಕೈಯಲ್ಲಿ ಲಟ್ಟಣಿಗೆ, ಕಡೆಗೋಲು ಎತ್ತಿಟ್ಟಿದೀಯ. ಮೂಗಪ್ಪ ಸರಿಯಾಗೇ ವಾಸನೆ ಹಿಡಿದಿದಾನೆ. ತಪ್ಪು ಅವನದಲ್ಲ!”

“ಹಾಗಾದ್ರೆ ನನ್ನದಾ?”

“ಇನ್ಮೇಲೆ ಫಿನಾಯಿಲ್ ಹಾಕಬೇಡ ಅಷ್ಟೇ.”

“ಮದುವೆಯಾಗಿ ಮೂವತ್ತನಾಲ್ಕು ವರ್ಷ ಆಯ್ತು. ಸಾರು ಸೀದ್ರೆ ನಿಮ್ಮ ಮೂಗಿಗೆ ಗೊತ್ತಾಗಲ್ಲ, ಹಾಲು ಉಕ್ಕಿದ್ರೆ ಗೊತ್ತಾಗಲ್ಲ. ಆ ಬುಡ್ಡೆ ಮೂಗಿಗೋಸ್ಕರ ನಾನು ಮನೆ ಕೊಳಕಿಟ್ಕೋಬೇಕಾ? ಮೊದ್ಲು ಅದನ್ನ ಹೊರಗೆ ತಳ್ಳಿ!”

ಮೂಗಪ್ಪನನ್ನು ಶೆಡ್ಡಿಗೆ ತಳ್ಳಿ ಬೀಗ ಹಾಕಿದರು. ಒಳಗೆ ಒಳ್ಳೆಯ ಪೈನ್ ಹಲಗೆಗಳನ್ನಷ್ಟೇ ಒಡ್ಡಿದ್ದರಿಂದ ಎರಡೇ ದಿನಕ್ಕೆ ನೂರಾ ಒಂದು ಪೆನ್ನು ಸಿದ್ಧವಾದವು. ಆ ಎರಡು ದಿನವೂ ಗೌರಾಂಬ ಚಪಾತಿಯನ್ನು ಸ್ಟೀಲ್ ಲೋಟದಲ್ಲಿ ಲಟ್ಟಿಸಿದರು. ಒಂದೊಂದು ಚಪಾತಿಯೂ ಪಂಚಾಕ್ಷರಿಯವರ ಹಲ್ಲನ್ನು ಪರೀಕ್ಷಿಸಿತು.

ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಬಳಗಕ್ಕೆ ಒಬ್ಬರು ಅಧ್ಯಕ್ಷರಿದ್ದರು.

ಪಟ್ಟಾಭಿರಾಮಯ್ಯ ಇಪ್ಪತ್ತೆರಡು ವರ್ಷಗಳಿಂದ ಲೇಖನಿ ಬಳಗದ ಅಧ್ಯಕ್ಷರು. ಈ ಅವಧಿಯಲ್ಲಿ ಅವರು ಸಹಿ ಬಿಟ್ಟು ಬೇರೆ ಏನನ್ನೂ ಬರೆದದ್ದಿಲ್ಲ. ತಿಂಗಳ ಪತ್ರಿಕೆಯ ‘ಅಧ್ಯಕ್ಷರ ನುಡಿ’ಯನ್ನು ಬರೆಯುವವರು ಗುರುಮಲ್ಲಪ್ಪ. ಬಳಗದ ಭವನದಲ್ಲಿ ಅಧ್ಯಕ್ಷರಿಗೆಂದೇ ಸಿಂಹದ ಮುಖದ ಕೈಹಿಡಿಗಳಿರುವ ತೇಗದ ಕುರ್ಚಿಯೊಂದಿತ್ತು. ಅದರ ಮೇಲೆ ಇನ್ನೊಬ್ಬರು ಕುಳಿತದ್ದನ್ನು ಕಂಡವರಿಲ್ಲ.

“ಕಾರ್ಯದರ್ಶಿಗಳೇ, ಆ ಯಂತ್ರವನ್ನ ವೇದಿಕೆ ಮೇಲೇ ತರಿಸ್ರೀ! ಜನರ ಎದುರು ನಾನು ಸ್ವಿಚ್ ಒತ್ತಿ ಮೊದಲ ಪೆನ್ನು ಬಿಡುಗಡೆ ಮಾಡ್ತೀನಿ.”

“ಆಗ್ಲಿ ಸಾರ್. ಒಂದೇ ಮಾತು, ಅವತ್ತು ಭವನಕ್ಕೆ ಫಿನಾಯಿಲ್ ಹಾಕಿಸಬೇಡಿ. ಯಂತ್ರಕ್ಕೆ ಆಗಿಬರಲ್ಲ.”

“ಗುರುಮಲ್ಲಪ್ಪ,” ಪಟ್ಟಾಭಿರಾಮಯ್ಯ ಸಿಂಹದ ತಲೆ ಸವರುತ್ತ ಹೇಳಿದರು, “ನೀವು ಬರೆಯೋರು, ನಾವು ಕೂರೋರು. ಭವನದ ವ್ಯವಸ್ಥೆ ನನಗೆ ಬಿಡಿ.”

ಗುರುಮಲ್ಲಪ್ಪ ಬಿಟ್ಟರು. ಮನೆಗೆ ಹೋಗಿ ಅಧ್ಯಕ್ಷರ ಬೆಳ್ಳಿಹಬ್ಬದ ಭಾಷಣ ಬರೆಯಲು ಕುಳಿತರು. ‘ನಾನು’ ಎಂಬ ಪದ ನಲವತ್ತೊಂದು ಸಲ ಬಂತು. ಒಂದು ಸಲವೂ ಅದು ಗುರುಮಲ್ಲಪ್ಪ ಆಗಿರಲಿಲ್ಲ.

ಬೆಳ್ಳಿಹಬ್ಬದ ಬೆಳಿಗ್ಗೆ ಅವರು ಭವನದ ಬಾಗಿಲು ದಾಟುತ್ತಲೇ ಮೂಗು ಮುಚ್ಚಿಕೊಂಡರು. ಆಸ್ಪತ್ರೆಯೊಳಗೆ ಕಾಲಿಟ್ಟ ಹಾಗಿತ್ತು!

“ನಿಂಗಯ್ಯ, ಏನಯ್ಯ ಇದು?”

“ಅಧ್ಯಕ್ಷರೇ ನಿಂತ್ಕಂಡು ಒರೆಸಿಸಿದ್ರು ಸ್ವಾಮಿ,” ಎಂದ ಕಾವಲುಗಾರ ನಿಂಗಯ್ಯ. “ನೆಲ, ಬೆಂಚು, ಕುರ್ಚಿ ಎಲ್ಲಾನೂವೆ. ಅವರ ಕುರ್ಚಿ ಒಂದಕ್ಕೇ ಅರ್ಧ ಬಾಟ್ಲು ಆಯ್ತು. ಕಾರ್ಯದರ್ಶಿ ಬ್ಯಾಡ ಅಂದವ್ರೆ, ಅದಕ್ಕೇ ಜಾಸ್ತಿ ಹಾಕು ಅಂದ್ರು.”

ಇನ್ನೂ ಒಂದು ಗಂಟೆ ಸಮಯವಿತ್ತು. ಕಿಟಕಿ ತೆರೆಯಬಹುದಿತ್ತು, ಭಾವನಿಗೆ ಫೋನು ಮಾಡಿ ಯಂತ್ರ ತರಬೇಡಿ ಎನ್ನಬಹುದಿತ್ತು. ಗುರುಮಲ್ಲಪ್ಪ ಫೋನು ಕೈಗೆತ್ತಿಕೊಂಡರು. ಸಿಂಹದ ಕುರ್ಚಿಯತ್ತ ನೋಡಿದರು. ಹತ್ತೊಂಬತ್ತು ವರ್ಷ ಅದರ ಪಕ್ಕದಲ್ಲಿ ಕಡತ ಹಿಡಿದು ನಿಂತದ್ದು ಮೊಣಕಾಲಿಗೆ ನೆನಪಾಯಿತು. ಫೋನನ್ನು ಜೇಬಿಗೆ ಹಾಕಿ, ಮೇಜಿನ ಹೂದಾನಿಯನ್ನು ಎರಡಂಗುಲ ಎಡಕ್ಕೆ ಸರಿಸಿದರು.

ಪಂಚಾಕ್ಷರಿಯವರು ಬಂದವರೇ ಗಾಳಿ ಎಳೆದುಕೊಂಡರು. “ಏನೋ ವಾಸನೆ ಹೊಡೀತಿದ್ಯಲ್ಲ ಗುರುಮಲ್ಲು?”

“ಊದಿನಕಡ್ಡಿ ಭಾವ,” ಎಂದರು ಗುರುಮಲ್ಲಪ್ಪ. ಅರವತ್ತೆರಡು ವರ್ಷದಲ್ಲಿ ಇಷ್ಟು ಸಲೀಸಾಗಿ ಅವರು ಸುಳ್ಳು ಹೇಳಿದ್ದೇ ಇಲ್ಲ.

ಮುಖ್ಯ ಅತಿಥಿಗಳು ಬಂದರು. ಪ್ರಾರ್ಥನೆಯಾಯಿತು. ಪಟ್ಟಾಭಿರಾಮಯ್ಯ ಕುರ್ಚಿಯಿಂದ ಏಳದೆಯೇ ಕೈ ಚಾಚಿ ಸ್ವಿಚ್ ಒತ್ತಿದರು. ಚಪ್ಪಾಳೆ!

ಮೂಗಪ್ಪ ಮೇಜಿನ ಮೇಲೆ ಇಟ್ಟಿದ್ದ ಪೈನ್ ತುಂಡಿನ ಕಡೆ ತಿರುಗಲೇ ಇಲ್ಲ. ಸುಂಯ್ ಎಂದು ಒಂದು ಸಲ ಮೂಸಿ, ನೇರ ಹೋಗಿ ಅಧ್ಯಕ್ಷರ ಕುರ್ಚಿಯ ಎಡ ಮುಂಗಾಲನ್ನು ಕಚಕ್ಕನೆ ಕತ್ತರಿಸಿತು.

“ಎದ್ದುಬಿಡಿ ಸಾರ್!” ಪಂಚಾಕ್ಷರಿಯವರು ಕಿರುಚಿದರು.

“ಏಳೋದಾ?” ಪಟ್ಟಾಭಿರಾಮಯ್ಯ ಓರೆಯಾಗಿ ವಾಲುತ್ತ ಸಿಂಹಗಳನ್ನು ಅಪ್ಪಿಕೊಂಡರು. “ಇಪ್ಪತ್ತೆರಡು ವರ್ಷದಿಂದ ಎದ್ದಿಲ್ಲ ರೀ ನಾನು! ಎಷ್ಟು ಜನ ಎಬ್ಬಿಸೋಕೆ ನೋಡಿದಾರೆ ಗೊತ್ತಾ?”

ಎರಡನೇ ಕಾಲು ಹೋಯಿತು. ಮೂರನೆಯದು ಹೋಯಿತು. ಶೆಡ್ಡಿನಲ್ಲಿ ನಾಲ್ಕು ನಿಮಿಷ ಹಿಡಿದ ಕೆಲಸ ವಾಸನೆಯ ಅಮಲಿಗೆ ಈಗ ಕ್ಷಣದಲ್ಲಿ ಮುಗಿಯುತ್ತಿತ್ತು; ಕಾಲಿಗೆ ಮೂರರಂತೆ ಪೆನ್ನುಗಳು ಪಟಪಟನೆ ಉದುರಿದವು. ನಾಲ್ಕನೆಯದು ಹೋದಾಗ ಅಧ್ಯಕ್ಷರು ಕುರ್ಚಿಸಮೇತ ದೊಪ್ಪನೆ ನೆಲಕ್ಕೆ ಕುಳಿತು, “ಸಭೆ ಮುಂದುವರಿಯಲಿ!” ಎಂದರು.

“ಭಾವ, ನಿಲ್ಲಿಸಿ ಅದನ್ನ!” ಗುರುಮಲ್ಲಪ್ಪನವರಿಗೆ ಈಗ ನಿಜವಾಗಿ ಹೆದರಿಕೆಯಾಗಿತ್ತು. ಒಂದು ಕುರ್ಚಿ ಹೋದರೆ ಸಾಕು ಎಂದುಕೊಂಡಿದ್ದರು ಅವರು. ಮೂಗಪ್ಪನಿಗೆ ಅಂಥ ಮಿತಿಯೇನೂ ಇರಲಿಲ್ಲ.

“ನಿಲ್ಲಿಸೋ ಹಿಡಿ ಎಲ್ಲೋಯ್ತು? ‘ನಿಲ್ಲಿಸು’ ಅಂತ ಬರೆದು ಅದರ ಬೆನ್ನ ಹಿಂದೆ ಇಟ್ಟಿದ್ದೆ!”

“ಯಾವುದರಲ್ಲಿ ಮಾಡಿದ್ರಿ?”

“ಪೈನಲ್ಲಿ,” ಎಂದ ಪಂಚಾಕ್ಷರಿಯವರ ಕಣ್ಣು ಪೆನ್ನಿನ ರಾಶಿಯತ್ತ ಹೋಯಿತು. ಅಲ್ಲಿ ಒಂದು ಪೆನ್ನಿನ ಮೇಲೆ ‘ನಿಲ್’ ಎಂಬ ಎರಡಕ್ಷರ ಉಳಿದಿತ್ತು.

ಆಮೇಲೆ ಸಭೆಗೆ ಕಾರ್ಯಸೂಚಿಯೇ ಇರಲಿಲ್ಲ. ಮುಖ್ಯ ಅತಿಥಿಗಳು ಮೊದಲು ಓಡಿದರು, ಅವರ ಹಿಂದೆ ಸಭಿಕರು. ಮೂಗಪ್ಪ ಭಾಷಣದ ಪೀಠವನ್ನು ಕಡೆಯಿತು, ಬೆಂಚುಗಳನ್ನು ಕಡೆಯಿತು, ಮಾಜಿ ಪದಾಧಿಕಾರಿಗಳ ಭಾವಚಿತ್ರದ ಚೌಕಟ್ಟುಗಳನ್ನು ಕಡೆಯಿತು. ತಿರುಗಿ ಬಂದು ಸಿಂಹಗಳೆರಡನ್ನೂ ನುಂಗಿತು. ಕುರ್ಚಿಯ ಹಲಗೆಯನ್ನು ಕಿತ್ತುಕೊಂಡ ಮೇಲೂ ಪಟ್ಟಾಭಿರಾಮಯ್ಯ ಬರಿನೆಲದ ಮೇಲೆ ಕೈಗಳನ್ನು ಎರಡು ಬದಿಗೆ ಚಾಚಿ, ಇಲ್ಲದ ಸಿಂಹಗಳ ಮೇಲಿಟ್ಟವರಂತೆ ಕುಳಿತೇ ಇದ್ದರು. ಮೂಗಪ್ಪ ಅವರನ್ನೂ ಮೂಸಿತು. ಪಂಚೆಯ ಹಿಂಭಾಗಕ್ಕೆ ಅರ್ಧ ಬಾಟಲಿ ಹತ್ತಿತ್ತಲ್ಲ! ಕತ್ತರಿಸಲು ಮರ ಸಿಗದೆ ಗರಗಸ ಹಿಂದೆ ಸರಿಯಿತು. ಆದರೆ ಅರ್ಧಕ್ಕೆ ಬಿಡುವ ಜಾಯಮಾನ ಅದರದಲ್ಲ. ಬೋಳುತಲೆಗೆ ಮೇಣ ಸವರಿ, ಮಿರಿಮಿರಿ ಮಿಂಚುವ ತನಕ ಉಜ್ಜಿ, ಬಲಗಿವಿಗೆ ಒಂದು ಹಿತ್ತಾಳೆ ಕ್ಲಿಪ್ಪು ಸಿಕ್ಕಿಸಿ ಮುಂದೆ ಹೋಯಿತು.

ಬಾಗಿಲ ಬಳಿ ಗೋಡೆಗೆ ತಾಗಿ ಮೂಗಪ್ಪನ ನೀಲಿ ಪೇಂಟು ಉದ್ದಕ್ಕೆ ಕಿತ್ತುಬಂತು. ಒಳಗಿನ ಪೈನ್ ಹಲಗೆ ಗಾಳಿಗೆ ಬಿತ್ತು. ಯಂತ್ರ ನಿಂತಿತು. ಸುಂಯ್ ಎಂದಿತು. ನಿಧಾನವಾಗಿ ಮೂಗನ್ನು ತನ್ನ ಪಕ್ಕೆಗೇ ತಿರುಗಿಸಿತು.

“ಬೇಡ ಕಣೋ!” ಪಂಚಾಕ್ಷರಿಯವರು ಹೆತ್ತ ಮಗನನ್ನು ಕೂಗುವಂತೆ ಕೂಗಿದರು.

ಮೂಗಪ್ಪ ತನ್ನ ಪಕ್ಕೆ ಕಡೆದುಕೊಂಡಿತು, ಬೆನ್ನು ಕಡೆದುಕೊಂಡಿತು. ಕೊನೆಗೆ ನೆಲದ ಮೇಲೆ ಲೇತು, ಚಕ್ರ, ಎರಡು ಕೈ, ಒಂದು ಮೂಗು. ಇನ್ನೂ ತಿರುಗುತ್ತಿದ್ದ ಆ ಲೇತು ಕಟ್ಟಕಡೆಯ ಪೆನ್ನನ್ನು ಉಗಿದು ಸುಮ್ಮನಾಯಿತು. ನಿಂಗಯ್ಯ ಎಣಿಸಿದ. ಸಾವಿರದ ಮುನ್ನೂರ ಹದಿನೇಳು. ಬಳಗದಲ್ಲಿದ್ದ ಸದಸ್ಯರು ಅರವತ್ತು. ಅವರಲ್ಲಿ ಏನಾದರೂ ಬರೆಯುವವರು ನಾಲ್ವರು.

ಮುಂದಿನ ಭಾನುವಾರದ ತುರ್ತು ಸಭೆ ನಿಂತುಕೊಂಡೇ ನಡೆಯಿತು. ಕುರ್ಚಿಯಿಲ್ಲದ ಅಧ್ಯಕ್ಷಗಿರಿ ಪಟ್ಟಾಭಿರಾಮಯ್ಯನವರಿಗೆ ಬೇಡವಾಗಿತ್ತು. ರಾಜೀನಾಮೆ ಕೊಟ್ಟರು. ಆ ಪತ್ರವನ್ನೂ ಗುರುಮಲ್ಲಪ್ಪನವರೇ ಬರೆದುಕೊಡಬೇಕಾಯಿತು. ಬೇರೆ ಯಾರೂ ಮುಂದೆ ಬಾರದ್ದರಿಂದ ಅವರೇ ಅಧ್ಯಕ್ಷರಾದರು.

ಆ ಸಂಜೆ ಅವರು ಅಕ್ಕನ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. “ನನಗೆ ಮೊದಲೇ ಗೊತ್ತಿತ್ತು ಅಕ್ಕ. ನಾನೊಂದು ಮಾತು ಹೇಳಿದ್ರೆ ನಿಲ್ತಿತ್ತು. ಭಾವನ ಯಂತ್ರ ಉಳೀತಿತ್ತು. ಆ ಕುರ್ಚಿ ನೋಡಿ ಬಾಯಿ ಕಟ್ಟಿಹೋಯ್ತು.”

ಗೌರಾಂಬ ಬೈಯಲಿಲ್ಲ. ಕಾಫಿ ಲೋಟ ಮುಂದಿಟ್ಟರು. “ಈಗ ಯಾವುದರ ಮೇಲೆ ಕೂರ್ತೀಯ?”

“ಸದಸ್ಯರೆಲ್ಲ ಸೇರಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟಿದಾರೆ. ಪರವಾಗಿಲ್ಲ, ಕೈ ಇರೋದು. ಸ್ವಲ್ಪ ಕೂತೆ, ಚೆನ್ನಾಗೇ ಇದೆ. ಯಾರೂ ಎತ್ಕೊಂಡು ಹೋಗದೇ ಇರ್ಲಿ ಅಂತ ನಿಂಗಯ್ಯನಿಗೆ ಹೇಳಿ ಸರಪಳಿ ಹಾಕಿಸಿ ಬಂದೆ.”



“ಮರದ್ದಾದ್ರೆ ಗೆದ್ದಲಾದ್ರೂ ತಿಂದು ಮುಗಿಸ್ತಿತ್ತು,” ಎಂದರು ಗೌರಾಂಬ. “ಪ್ಲಾಸ್ಟಿಕ್ಕು ಐನೂರು ವರ್ಷ ಕೊಳೆಯಲ್ವಂತೆ ಕಣೋ.”