ಕಂಪ್ಯೂಟರಿಗೆ ಕರ್ಪೂರ

ಕಂಪ್ಯೂಟರಿನ ಅನ್ನ ತಿನ್ನುತ್ತಲೇ ಕೂದಲು ನರೆತರೂ, ಅದರ ಹೊಟ್ಟೆಯೊಳಗೆ ಏನಿದೆ ಎಂದು ಯಾರಾದರೂ ಕೇಳಿದರೆ ನಾನು ಕಣ್ಣುಕಣ್ಣು ಬಿಡುತ್ತೇನೆ. ನಮ್ಮಂಥ ಸಾಫ್ಟ್‌ವೇರ್ ಜನ ಉಣ್ಣುವವರೇ ಹೊರತು ಗದ್ದೆ ಕಂಡವರಲ್ಲ. ಜರ್ಮನಿಯ ಬೊಬ್ಲಿಂಗೆನ್ನಿನಲ್ಲಿ ನಮ್ಮ ಕೆಳಮನೆಯ ಹೆರ್ ಬ್ರಾಂಟ್ ಅವರಿಗೆ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ವಾಲ್ವುಗಳ ಕಾಲ ಮುಗಿದು ಟ್ರಾನ್ಸಿಸ್ಟರ್ ಕಂಪ್ಯೂಟರು ಬಂದ ಹೊಸತರಲ್ಲಿ ಅವನ್ನು ಕೈಯಾರೆ ಬೆಸುಗೆ ಹಾಕಿ ಕಟ್ಟಿದವರು ಅವರು. ಕಂಪನಿ ಗುಜರಿಗೆ ಹಾಕಿದ್ದ ಒಂದನ್ನು ತಂದು ನೆಲಮಾಳಿಗೆಯಲ್ಲಿ ನಿಲ್ಲಿಸಿಕೊಂಡಿದ್ದರು. ಮದುವೆಯಲ್ಲಿ ಕೊಡುವ ಬೀರುವಿನಷ್ಟು ದೊಡ್ಡದು. ಅದರ ರಿಪೇರಿಯಲ್ಲಿ ಮುಳುಗಿ ಸಂಸಾರವನ್ನೇ ಮರೆತರಂತೆ. ಕಾರ್ಲ್ಸ್‌ರುಹೆಯಲ್ಲಿರುವ ಮಗಳು ಆನಾ ಬಂದಾಗಲೆಲ್ಲ, "ಆ ಪೆಟ್ಟಿಗೆ ಓಡಿದ್ದನ್ನು ನಾನಂತೂ ಕಂಡಿಲ್ಲ," ಎಂದು ಕುಟುಕುತ್ತಿದ್ದರು.

ಈ ವರ್ಷ ಹೆರ್ ಬ್ರಾಂಟ್‌ಗೆ ಕ್ಯಾನ್ಸರ್. ಡಾಕ್ಟರು ಕೈಚೆಲ್ಲಿದರು. ಕೊನೆಗಾಲದ ರೋಗಿಗಳ ಆಸ್ಪತ್ರೆಗೆ ಅವರನ್ನು ಸೇರಿಸಲು ಭಾನುವಾರ ಆನಾ ಬರುವವರಿದ್ದರು. "ಅವಳಿಗೆ ಒಂದೇ ಒಂದು ಸಲ ಓಡಿಸಿ ತೋರಿಸಬೇಕು," ಎಂದರು ಮುದುಕರು. ಅವರ ಕೈ ನಡುಗುತ್ತಿದ್ದರಿಂದ ಬೆಸುಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. "ಈ ಟ್ರಾನ್ಸಿಸ್ಟರು ಜರ್ಮೇನಿಯಂದು. ಬಿಸಿ ತಡೆಯುವುದಿಲ್ಲ. ಇದರ ತಂತಿಕಾಲನ್ನು ಇಕ್ಕಳದಲ್ಲಿ ಹಿಡಿಯಿರಿ, ಶಾಖ ಇಕ್ಕಳಕ್ಕೆ ಹೋಗಲಿ," ಎಂದು ಮಗ್ಗಿ ಬಾಯಿಪಾಠ ಮಾಡಿಸುವಂತೆ ಹೇಳಿಕೊಟ್ಟರು. ಶನಿವಾರ ಮಧ್ಯಾಹ್ನ ಸ್ವಿಚ್ ಒತ್ತಿದರೆ ಸಾಲುಸಾಲು ದೀಪ ಮಿನುಗಿ, ಓಡಿಯೇಬಿಟ್ಟಿತು! ಅವರು ಅತ್ತರು. ನಾನೂ ಅತ್ತೆ.

ಅವತ್ತು ಆಯುಧಪೂಜೆ ಬೇರೆ. ಮೇಲೆ ಲ್ಯಾಪ್‌ಟಾಪಿಗೂ ಮಿಕ್ಸಿಗೂ ಕುಂಕುಮ ಇಟ್ಟು ಮುಗಿಸಿದ್ದ ನನ್ನ ಹೆಂಡತಿ ಸುಧಾ, ಸುದ್ದಿ ಕೇಳಿ ಆರತಿ ತಟ್ಟೆ ಸಮೇತ ಇಳಿದು ಬಂದಳು. "ಸತ್ತು ಬದುಕಿರೋ ಮೆಷಿನ್ನು ರೀ, ಇದಕ್ಕೆ ಮಾಡ್ದೆ ಇನ್ಯಾವುದಕ್ಕೆ ಮಾಡ್ತೀರಿ?" ಹೆರ್ ಬ್ರಾಂಟ್ ಖುಷಿಯಿಂದ ಕುರ್ಚಿ ಎಳೆದುಕೊಂಡು ಕೂತರು. ನಾನು ಭಕ್ತಿಯ ಭರದಲ್ಲಿ ಬೀರುವಿನ ಬಾಗಿಲು ತೆರೆದು ಬೆಳಗಿ, ಧಗಧಗ ಉರಿಯುತ್ತಿದ್ದ ಕರ್ಪೂರದ ತಟ್ಟೆಯನ್ನು ಟ್ರಾನ್ಸಿಸ್ಟರುಗಳ ಕೆಳಗೇ ಇಟ್ಟು, ಕಣ್ಣು ಮುಚ್ಚಿ ಕೈಮುಗಿದೆ. ಶ್ಲೋಕ ಮುಗಿಯುವ ಮೊದಲೇ ಮುದುಕರ ಕೂಗು ಕೇಳಿಸಿತು. ಕಣ್ಣು ಬಿಟ್ಟರೆ ದೀಪಗಳೆಲ್ಲ ಆರಿಹೋಗಿದ್ದವು. ಸುಟ್ಟವುಗಳ ಬದಲಿಗೆ ಹಾಕಲು ಒಂದು ಟ್ರಾನ್ಸಿಸ್ಟರೂ ಉಳಿದಿರಲಿಲ್ಲ. ಹೆರ್ ಬ್ರಾಂಟ್ ಎದ್ದು ಬಂದು ಬೀರುವಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

ಮರುದಿನ ಆನಾ ಬಂದರು. "ನಿನ್ನೆ ಓಡಿತು ಕಣೆ. ಬೇಕಾದರೆ ಇವರನ್ನೇ ಕೇಳು," ಎಂದರು ಅಪ್ಪ.

"ಹೌದು, ನಿನ್ನೆ ಚೆನ್ನಾಗಿ ಓಡ್ತಿತ್ತು," ಎಂದೆ ನಾನು.

"ಸರಿಯಪ್ಪಾ," ಎಂದು ಆನಾ ಅಪ್ಪನ ತಲೆ ಸವರಿದರು. ಮಗಳ ಮುಖ ನೋಡಿದ ಮುದುಕರು ಕೋಟಿಗೆ ಕೈ ಚಾಚಿದರು. ಅವರನ್ನು ಕಾರಿನಲ್ಲಿ ಕೂರಿಸಿ ಬಂದು ಆನಾ ನನ್ನ ಕೈ ಹಿಡಿದುಕೊಂಡರು. "ಅಪ್ಪನ ಸಮಾಧಾನಕ್ಕೆ ಸುಳ್ಳು ಹೇಳಿದಿರಿ. ತುಂಬಾ ಉಪಕಾರವಾಯಿತು." ನಾನು ಗಾಬರಿಯಾಗಿ ಆರತಿ, ಕರ್ಪೂರ, ಶ್ಲೋಕ ಎಂದೆಲ್ಲ ವಿವರಿಸಿದೆ. ಅದಾದ ಮೇಲಂತೂ ಅವರಿಗೆ ಅದು ಸುಳ್ಳೆಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ.

ಆಫೀಸಿನಲ್ಲಿ ನನ್ನ ಪ್ರೋಗ್ರಾಂ ಕೆಟ್ಟು ನಿಂತಾಗಲೆಲ್ಲ ನಾನು ಹೇಳುವುದು ಇದೇ ಮಾತು: ನಿನ್ನೆ ಚೆನ್ನಾಗಿ ಓಡುತ್ತಿತ್ತು. ಅಲ್ಲಿ ಎಲ್ಲರೂ ನಂಬುತ್ತಾರೆ.