ನಮ್ಮ ಮಾಮಾನ ಬಿಳಿ ಪುಡಿ

ನಮ್ಮ ಮಾಮಾನನ್ನು ಊಟಕ್ಕೆ ಕರೆಯುವವರು ಎರಡು ಸಲ ಯೋಚಿಸಬೇಕು. ತಾಟು ಮುಂದಿಟ್ಟ ಕೂಡಲೇ ಅವನು ಉಣ್ಣುವವನಲ್ಲ. ಎಣ್ಣೆಗಾಯಿ ಪಲ್ಯದ ಮೇಲೆ ಅಂಗೈ ಬೀಸಿ, ಅದರ ವಾಸನೆಯನ್ನು ದೂರದಿಂದಲೇ ಮೂಗಿನ ಕಡೆಗೆ ತಳ್ಳಿಕೊಳ್ಳುತ್ತಾನೆ. ಬಾಟಲಿಗೆ ಮೂಗು ಹಚ್ಚಿ ಮೂಸಿದರೆ ಪ್ರಾಣಕ್ಕೇ ಕುತ್ತು ಎಂದು ರಸಾಯನಶಾಸ್ತ್ರದ ಮಂದಿಗೆ ಕಲಿಸಿರುತ್ತಾರಂತೆ. ಬದನೆಕಾಯಿಗೂ ಅದೇ ನಿಯಮವೇ?

ಅವ್ವನ ಈ ತಮ್ಮ ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ವಯಸ್ಸೆಲ್ಲ ಸವೆಸಿದ ವಿಜ್ಞಾನಿ. ಕ್ಯಾನ್ಸರಿಗೆ ಔಷಧ ಹುಡುಕುವುದು ಅವನ ಕೆಲಸ. ಬಸವನ ಬಾಗೇವಾಡಿಗೆ ಹೆಣ್ಣು ನೋಡಲು ಹೋದಾಗಲೂ ಉಪ್ಪಿಟ್ಟಿನ ಮೇಲೆ ಕೈ ಬೀಸಿದ. ಹುಡುಗಿಯ ತಾಯಿ ಗಾಬರಿಯಾಗಿ, "ನೊಣ ಕುಂತಾವೇನ್ರಿ?" ಎಂದರು. "ಇಲ್ರಿ, ವಾಸನಿ ನೋಡಾಕತ್ತೇನಿ" ಎಂದ. ವಾಸನೆ ಬರುವಂಥ ಉಪ್ಪಿಟ್ಟು ಮಾಡಿದ್ದೇವೆಯೇ ಎಂದು ಅವರು ಮುನಿಸಿಕೊಂಡರು. ಮಾಮಾ ಬ್ರಹ್ಮಚಾರಿಯಾಗಿಯೇ ಉಳಿದ. ನಿವೃತ್ತಿಯಾದ ಮೇಲೆ ಸಿಂದಗಿಗೆ, ನಮ್ಮ ಮನೆಗೇ ಬಂದ.

ನಮ್ಮ ಕಡೆ ರೈತರ ಬಾಯಲ್ಲಿ ಔಷಧ ಎಂದರೆ ಮೊದಲು ಬೆಳೆಗೆ ಹೊಡೆಯುವುದು. ಮನುಷ್ಯರು ನುಂಗುವುದಕ್ಕೆ ಗುಳಿಗೆ ಎನ್ನುತ್ತಾರೆ. ಔಷಧದ ವಿಜ್ಞಾನಿ ಬಂದಿದ್ದಾನೆಂಬ ಸುದ್ದಿ ಕೇಳಿ ಮುದ್ದೇಬಿಹಾಳದ ಕಡೆಯ ನೆಂಟರೊಬ್ಬರು ಹುಳ ಬಿದ್ದ ತೊಗರಿ ಗಿಡವನ್ನೇ ಕಿತ್ತುಕೊಂಡು ಬಂದರು.

"ಇದಕ್ಕ ಯಾವ ಔಷಧ ಹೊಡೀಲ್ರಿ?"

"ನಂದು ಮನಶ್ಯಾರ ಔಷಧರಿ, ತೊಗರೀದಲ್ಲ."

"ಹಂಗಾರ ಮನಶ್ಯಾರಿಗೆ ಯಾವ್ದು ಮಾಡೀರಿ?"

"ಇನ್ನೂ ಯಾವ್ದೂ ಔಷಧ ಆಗಿಲ್ರಿ."

ನೆಂಟರು ಗಿಡ ಎತ್ತಿಕೊಂಡು ಎದ್ದರು. "ಆದ್ರೂ ಇಷ್ಟ ವರ್ಷ ಪಗಾರ ಕೊಟ್ಟಾರಲ್ಲ, ದೊಡ್ಡ ಮಂದಿ ಬಿಡ್ರಿ ಅವ್ರು" ಎಂದರು. ಏನೋ ಒಂದು ಹೆಸರು ಹೇಳಿ ಮಾನ ಉಳಿಸಿಕೊಳ್ಳಬಾರದಿತ್ತೇ? ಮಾಮಾನ ನಾಲಗೆಗೆ ಅದು ಒಗ್ಗುತ್ತಿರಲಿಲ್ಲ.

ಅವ್ವನಿಗಂತೂ ಅವನ ಕೆಲಸ ಬಗೆಹರಿದದ್ದೇ ಇಲ್ಲ. ನೌಕರಿಯಲ್ಲಿದ್ದಾಗ ಅವನು ರಜೆಗೆ ಬಂದರೆ "ಇಳುವರಿ ಎಷ್ಟ ಬಂತೋ?" ಎಂದು ಕೇಳುತ್ತಿದ್ದಳು. ಪ್ರಯೋಗಾಲಯದಲ್ಲಿ ಕೈಗೆ ಬಂದದ್ದಕ್ಕೂ ಇಳುವರಿ ಎಂದೇ ಹೆಸರಂತೆ.

"ಒಂದ್ ಚಿಟಿಕಿ ಬಿಳಿ ಪುಡಿ ಅಕ್ಕಾ."

"ವರ್ಷಾನಗಟ್ಲೆ ದುಡದು ಚಿಟಿಕೀನ? ಗುಬ್ಬಿ ತಿಂದು ಬಿಟ್ಟದ್ದ ಅದಕ್ಕಿಂತ ಹೆಚ್ಚ ಇರ್ತೈತಲ್ಲೋ."

ಒಂದು ಸಲ ಆ ಪುಡಿ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿತು. ಮಾಮಾ ಪೇಢೆ ಹಂಚಿದ. ಆಮೇಲೆ ಇಲಿಗಳಿಗೆ ಕೊಟ್ಟು ನೋಡಿದರು; ಲಿವರ್ ಕೆಟ್ಟು ಅವೆಲ್ಲ ಸತ್ತವು. ಪುಡಿಯ ಕಥೆ ಅಲ್ಲಿಗೇ ಮುಗಿಯಿತು. ಮಾಮಾ ಊರಿಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಅವ್ವ ಪಕ್ಕದಲ್ಲಿ ಕೂತು, "ಇಲಿ ಸತ್ರ ಅಳ್ತಾರೇನೋ ಹುಚ್ಚಪ್ಪಾ? ಇಲಿ ಪಾಷಾಣ ಅಂತ ಮಾರಿಬಿಡು" ಎಂದಳು. ಮಾಮಾ ಅಳುತ್ತಲೇ ನಕ್ಕ.

ಹೋದ ವರ್ಷ ಅವ್ವನಿಗೇ ಕ್ಯಾನ್ಸರ್ ಬಂತು. ವಿಜಯಪುರದ ಡಾಕ್ಟರು ನೋವಿನ ಗುಳಿಗೆ ಬರೆದುಕೊಟ್ಟು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಗೆ ಬಂದ ಅವ್ವ ತಮ್ಮನ ಕೈ ಹಿಡಿದಳು.

"ನಿಂದೊಂದು ಪುಡಿ ಇತ್ತಲ್ಲೋ, ಅದನ್ನರ ಕೊಡು."

"ಅದು ಔಷಧ ಅಲ್ಲಕ್ಕಾ. ಲಿವರ್ ಹೋಗ್ತೈತಿ."

"ನಾ ಏನು ಇಲೀನೇನೋ? ಕೊಡೋ."

ಮಾಮಾ ಎದ್ದು ಹಿತ್ತಲಿಗೆ ಹೋದ. ಆ ದಿನ ಅವನು ಉಣ್ಣಲಿಲ್ಲ. ನನಗೆ ಅವನ ಮೇಲೆ, ಅವನ ವಿಜ್ಞಾನದ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ದಿನ ಕಳೆದಂತೆ ಅವ್ವನಿಗೆ ಗುಳಿಗೆ ನುಂಗುವುದೂ ಆಗದಾಯಿತು. ಅರೆದು ಕೊಡಬಹುದೇ ಎಂದು ಡಾಕ್ಟರನ್ನು ಕೇಳಿಕೊಂಡು, ಮಾಮಾ ತಾನೇ ಕೂತು ನುಣ್ಣಗೆ ಅರೆದ. ಚಮಚದಲ್ಲಿ ಬಿಳಿ ಪುಡಿ ಕಂಡು ಅವ್ವನ ಕಣ್ಣು ಅರಳಿತು.

"ಇದು ನೀ ಮಾಡಿದ್ದೇನೋ ತಮ್ಮಾ?"

ನಾನು ಬಾಗಿಲಲ್ಲಿ ನಿಂತಿದ್ದೆ. ಅಲ್ಲ ಎನ್ನುತ್ತಾನೆ, ಈ ಮನುಷ್ಯನಿಗೆ ಬೇರೆ ಹೇಳಲು ಬರುವುದಿಲ್ಲ ಎಂದುಕೊಂಡೆ. ಮಾಮಾ ಚಮಚವನ್ನು ಅವಳ ತುಟಿಯ ಹತ್ತಿರ ಹಿಡಿದ.

"ಹೌದಕ್ಕಾ. ನಾನ ಮಾಡೇನಿ."

ಅಂದಿನಿಂದ ನೋಡಲು ಬಂದವರಿಗೆಲ್ಲ ಅವ್ವ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು: "ಇದು ನನ್ನ ತಮ್ಮ ಮಾಡಿದ್ದರಿ. ನೋವು ಕಡಿಮಿ ಆಗೇತಿ." ಬಂದವರು ಮಾಮಾನ ಮುಖ ನೋಡುತ್ತಿದ್ದರು. ಅವನು ತಲೆ ತಗ್ಗಿಸಿ ಅವಳ ಪಾದ ಒತ್ತುತ್ತ ಕೂತಿರುತ್ತಿದ್ದ. ಅವಳು ಹೋಗುವವರೆಗೂ ಆ ಮಾತನ್ನು ಅವನು ತಿದ್ದಲಿಲ್ಲ.