ಅಳಿಯ ಹೊತ್ತ ಕಲ್ಲು

ಎಲ್ಲಕ್ಕೂ ಮೂಲ ಅರೆಬೆಂದ ಬೀನ್ಸ್ ಕಾಳು. ಕಿಲಿಮಂಜಾರೋದ ಕೊನೆಯ ತಂಗುಮನೆಯ ಎತ್ತರದಲ್ಲಿ ಎಷ್ಟು ಕುದಿಸಿದರೂ ಕಾಳು ಬೇಯುವುದಿಲ್ಲವೆಂಬುದು ಅಡುಗೆಯವನಾದ ಅಮಿನಿಯೆಲಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಾಳೇ ಬೇಕೆಂದು ಹಟ ಹಿಡಿದವರು ಅವನ ಅತ್ತೆ ಅಪೈಕುಂದಾ. ಅವರಿಗೆ ಎದುರಾಡುವ ಧೈರ್ಯ ಅವನಿಗೆ ಮದುವೆಯಾದಂದಿನಿಂದಲೂ ಇರಲಿಲ್ಲ. ಮಾಡಿ ಬಡಿಸಿದ. ಹೆಂಗಸರೆಲ್ಲ ಒಂದೊಂದು ತುತ್ತಿಗೇ ಕೈಬಿಟ್ಟರು. ಸಹಾಯಕ ಮಾರ್ಗದರ್ಶಿ ಮಾತ್ರ ಗಡದ್ದಾಗಿ ಬಾರಿಸಿ, ನಡುರಾತ್ರಿ ಹೊರಡುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮಲಗಿಬಿಟ್ಟ.

ಡಿಸೆಂಬರಿನ ಸ್ವಾತಂತ್ರ್ಯ ದಿನಕ್ಕೆ ಬೆಟ್ಟದ ತುದಿ ಮುಟ್ಟಬೇಕೆಂದು ಬಂದಿದ್ದ, ತಪ್ಪಲಿನ ಮರಾಂಗು ಊರಿನ ಚರ್ಚಿನ ಹಾಡುಗಾರ್ತಿಯರು ಆ ಹೆಂಗಸರು. ಸಾಲಿನ ಹಿಂದೆ ಕಾವಲಿಗೆ ಒಬ್ಬ ಇರಲೇಬೇಕು.

"ಅದಕ್ಕ್ಯಾಕೆ ಯೋಚ್ನೆ, ನಮ್ಮ ಅಳಿಯಂದ್ರಿಲ್ವಾ," ಎಂದರು ಅಪೈಕುಂದಾ. "ತುದಿಗೆ ಎಷ್ಟು ಸಲ ಹೋಗಿ ಬಂದಿದಾರೋ ಅವರಿಗೇ ನೆನಪಿಲ್ಲ."

ಹಿರಿಯ ಮಾರ್ಗದರ್ಶಿ ರೊಗಾಟಿ ಅಮಿನಿಯೆಲಿಯ ಮುಖ ನೋಡಿ ಮೀಸೆಯಡಿ ನಕ್ಕ. ಅಮಿನಿಯೆಲಿ ತನ್ನ ಒಲೆ ಬಿಟ್ಟು ಒಂದು ಹೆಜ್ಜೆಯೂ ಮೇಲೆ ಹತ್ತಿದವನಲ್ಲವೆಂಬುದು ಅವನಿಗೊಬ್ಬನಿಗೇ ಗೊತ್ತು. ಬಾಯಿ ಮುಚ್ಚಿಕೊಂಡಿರಲೆಂದು ಅವನ ತಟ್ಟೆಗೆ ವರ್ಷಗಳಿಂದ ಒಳ್ಳೊಳ್ಳೆಯ ಮಾಂಸದ ತುಂಡುಗಳೇ ಬೀಳುತ್ತಿದ್ದವು.

ತಪ್ಪು ಮದುವೆಯ ಮಾತುಕತೆಯ ದಿನವೇ ಆಗಿತ್ತು. "ತುದಿ ಮುಟ್ಟದ ಗಂಡಿಗೆ ನಮ್ಮ ಎಲಿನಾಮಿನ ಕೊಡಲ್ಲ," ಎಂದಿದ್ದರು ಅಪೈಕುಂದಾ. ಅಮಿನಿಯೆಲಿ ಸುಮ್ಮನೆ ಹೂಂ ಎಂದಿದ್ದರೆ ಸಾಕಿತ್ತು. ಪ್ರೀತಿಯ ಅಮಲಿನಲ್ಲಿ, "ನಿಮ್ಮಂಗಳದ ಕಲ್ಲನ್ನೇ ಹೊತ್ಕೊಂಡು ಹೋಗಿ ಅಲ್ಲಿಟ್ಟು ಬರ್ತೀನಿ," ಎಂದುಬಿಟ್ಟ. ಎಲ್ಲರೆದುರು ಚಪ್ಪಟೆ ಕಲ್ಲೊಂದನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟೂ ಹೋದ. ವಾರ ಬಿಟ್ಟು ಬರಿಗೈಲಿ ಬಂದಾಗ ಹೆಣ್ಣು ಕೊಟ್ಟರು. ಆಮೇಲೆ ಬಾಳೆಹಣ್ಣಿನ ಹೆಂಡದ ಮುಂದೆ ಕೂತಾಗಲೆಲ್ಲ ಆ ಕತೆಗೆ ಕೈಕಾಲು ಬೆಳೆಯುತ್ತ ಹೋಯಿತು.

ಈಗ ಆ ಕತೆಯ ಪರೀಕ್ಷೆಗೆ ಅವನೇ ಹತ್ತಬೇಕಾಗಿತ್ತು. ಸುಳ್ಳು ಬಯಲಾದರೆ ಎಲಿನಾಮಿ ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ನಡೆಯುತ್ತಾಳೆ. ಹಾಡುಗಾರ್ತಿಯರ ಜೊತೆಗೇ ಬಂದಿರುವ ಪಕ್ಕದ ಮನೆಯ ಫಿಲೊತೇಯಾ ಸಂತೆಯಲ್ಲಿ ನಿಂತು ಸಾರುತ್ತಾಳೆ. ಬೇರೆ ದಾರಿಯಿಲ್ಲದೆ ಸಾಲಿನ ಕೊನೆಗೆ ಹೋಗಿ ನಿಂತ.

ಜಾರುವ ಪುಡಿಗಲ್ಲಿನ ಏರು. ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹೆಜ್ಜೆ ಕೆಳಗೆ. ಅಮಿನಿಯೆಲಿಯ ಎದೆ ಕಮ್ಮಾರನ ತಿದಿಯ ಹಾಗೆ ಉಬ್ಬಿ ಇಳಿಯುತ್ತಿತ್ತು.

"ಏನ್ರೀ, ನೀವೇ ಇಷ್ಟು ಏದುಸಿರು ಬಿಡ್ತಿದೀರಿ?" ಫಿಲೊತೇಯಾ ತಿರುಗಿ ಕೇಳಿದಳು.

"ನಿಮಗೆ... ಜೊತೆಯಾಗ್ಲಿ ಅಂತ... ಬೇಕಂತ್ಲೇ," ಎಂದ ಅಮಿನಿಯೆಲಿ.

ಯಾರಿಗಾದರೂ ತಲೆನೋವು ಬಂದರೆ ಎಲ್ಲರೂ ಇಳಿದುಬಿಡಬಹುದೆಂಬ ಆಸೆಯಿಂದ ಒಬ್ಬೊಬ್ಬರ ಬಳಿಯೂ ಹೋಗಿ ವಿಚಾರಿಸಿದ. "ಅಯ್ಯೋ ಪಾಪ, ಎಷ್ಟು ಕಾಳಜಿ," ಎನ್ನುತ್ತ ಹೆಂಗಸರು ಹುರುಪುಗೊಂಡು ಹಾಡು ಎತ್ತಿಕೊಂಡರು. ತಲೆನೋವು ಬಂದದ್ದು ಅವನೊಬ್ಬನಿಗೇ.

ಬೆಳಕು ಹರಿಯುವಾಗ ಏರು ಮುಗಿದು ಒಂದು ಅಂಚು ಸಿಕ್ಕಿತು. ಅಮಿನಿಯೆಲಿ ಖುಷಿಯಿಂದ ಕುಸಿದು ಕೂತ. "ಬಂತು ನೋಡಿ ತುದಿ. ನಾನು ಇಲ್ಲೇ ಕೂತ್ಕೊಳ್ಳೋದು ಯಾವಾಗ್ಲೂ."

"ಇದು ಜ್ವಾಲಾಮುಖಿ ಕುಳಿಯ ಅಂಚು ಕಣಯ್ಯಾ," ಎಂದ ರೊಗಾಟಿ. "ತುದಿ ಅಲ್ಲಿ, ಆ ಕಡೆ."

"ಗೊತ್ತು ಬಿಡೋ, ಇವರು ನಂಬ್ತಾರಾ ಅಂತ ನೋಡ್ದೆ." ಎನ್ನುತ್ತ ಅಮಿನಿಯೆಲಿ ಎದ್ದ. ಅಪೈಕುಂದಾ ತಲೆವಸ್ತ್ರ ಬಿಗಿದುಕೊಂಡು ಮುಂದೆ ನಡೆದರು.

ಕೊನೆಗೂ ತುದಿಯ ಗುರುತಿನ ಮರದ ಫಲಕ ಬಂತು. ಒಂದು ಕಡೆ ನೀಲಿ ಹಿಮದ ಗೋಡೆ, ಕೆಳಗೆ ಮೋಡ, ಮೋಡದಡಿ ಎಲ್ಲೋ ಅವನ ಊರು. ಅಮಿನಿಯೆಲಿ ಕಣ್ಣು ಕೀಳದೆ ನೋಡಿದ. ಜೀವಮಾನದಲ್ಲಿ ಇಂಥದ್ದು ನೋಡಿರಲಿಲ್ಲ, ಹಾಗಂತ ಹೇಳಿಕೊಳ್ಳುವಂತೆಯೂ ಇರಲಿಲ್ಲ. ಎಂದಿನ ಬೇಸರ ನಟಿಸುತ್ತ ಆಕಳಿಸಿದ.

"ಎಲ್ಲಿ ಕಲ್ಲು?" ಫಿಲೊತೇಯಾ ಫಲಕಕ್ಕೆ ಒರಗಿ ಕೂತಲ್ಲಿಂದಲೇ ಕೇಳಿದಳು. "ನಿಮ್ಮತ್ತೆ ಅಂಗಳದ್ದು."

"ಅದು... ಹಿಮ ಸರಿದಾಗ... ಗಾಳಿ ಬೇರೆ..." ಇನ್ನು ನಿಜ ಹೇಳುವುದೇ ಸೈ ಎಂದುಕೊಂಡ.

ಅಷ್ಟರಲ್ಲಿ ಅಪೈಕುಂದಾ ಒಬ್ಬರೇ ಬಂಡೆಗಳ ಹಿಂದೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಇದೆ. ಕೈಯಾರೆ ಮುಟ್ಟಿ ಬಂದೆ."

ಫಿಲೊತೇಯಾ ಏಳಲು ನೋಡಿದಳು, ಕಾಲು ಕೇಳಲಿಲ್ಲ. "ಮೋಡ ಬರ್ತಿದೆ, ಇಳೀರಿ," ಎಂದ ರೊಗಾಟಿ. ಅಮಿನಿಯೆಲಿ ಮನಸ್ಸಿನಲ್ಲೇ ದೇವರಿಗೆ ಅಡ್ಡಬಿದ್ದ. ಯಾವುದೋ ಕಲ್ಲು ನೋಡಿ ಮುದುಕಿ ಮೋಸಹೋದಳು ಎಂದುಕೊಂಡು ದಾರಿಯುದ್ದಕ್ಕೂ ಹಗುರಾಗಿ ಜಾರುತ್ತ ಇಳಿದ.

ತಂಗುಮನೆ ಸೇರಿ ಶುಂಠಿ ಚಹಾ ಕುದಿಸುತ್ತಿದ್ದಾಗ ಅತ್ತೆ ಒಲೆಯ ಬಳಿ ಬಂದು ಕೂತರು.

"ಕಲ್ಲು ಗಟ್ಟಿಯಾಗಿ ನಿಂತಿತ್ತಾ ಅತ್ತೆ?" ಧೈರ್ಯ ಹೆಚ್ಚಾಗಿ ಕೇಳಿದ.

"ನಿಂತಿದೆ, ನಿಮ್ಮ ಹಿತ್ತಲಲ್ಲಿ," ಎಂದರು ಅಪೈಕುಂದಾ. "ಎಲಿನಾಮಿ ದಿನಾ ಅದರ ಮೇಲೇ ಬಟ್ಟೆ ಒಗೀತಾಳೆ. ನಾನು ವರ್ಷಗಟ್ಟಲೆ ತುಳಿದ ಕಲ್ಲು ಅಳಿಯಂದ್ರೆ, ನಂಗೆ ಗುರುತು ಸಿಗಲ್ವಾ?"

ಸೌಟು ಕೈಜಾರಿ ಬಿತ್ತು. "ಮತ್ತೆ ಇಷ್ಟು ದಿನ..."

"ಮಗಳು ನಗ್ತಾ ಇದ್ಲು, ಸುಮ್ಮನಿದ್ದೆ. ಇವತ್ತು ಆ ಫಿಲೊತೇಯಾ ಮುಂದೆ ಮನೆ ಮಾನ ಕಳೀಲಾ?"

ಅಮಿನಿಯೆಲಿಗೆ ಅವರ ಕಾಲು ಹಿಡಿಯಬೇಕೆನಿಸಿತು. ಆದರೆ ಅತ್ತೆ ಚಹಾ ಲೋಟ ಎತ್ತಿಕೊಂಡು ಮಾತು ಮುಂದುವರಿಸಿದರು.

"ಮುಂದಿನ ಡಿಸೆಂಬರಿಗೆ ಫಿಲೊತೇಯಾ ಇಡೀ ಕೇರಿನ ಕರ್ಕೊಂಡು ಬರ್ತಾಳಂತೆ, ಆ ಕಲ್ಲಿನ ಪಕ್ಕ ಫೋಟೋ ತೆಗೆಸ್ಕೊಳ್ಳೋಕೆ. ಹೂಂ ಅಂದಿದೀನಿ. ಎಲಿನಾಮಿಗೆ ಒಗೆಯೋಕೆ ಬೇರೆ ಕಲ್ಲು ನಾನು ಹುಡುಕ್ತೀನಿ. ಹಿತ್ತಲಿನ ಕಲ್ಲನ್ನ ನೀವು ತುದಿಗೆ ಹೊತ್ಕೊಂಡು ಬಂದು ಇಟ್ಟುಬಿಡಿ, ಮಳೆ ಶುರುವಾಗೋಕೆ ಮುಂಚೆ."

ಅಮಿನಿಯೆಲಿ ಸೊಂಟ ಮುಟ್ಟಿ ನೋಡಿಕೊಂಡ. ಅಂದು ಅತ್ತೆಯ ಅಂಗಳದಿಂದ ತನ್ನ ಹಿತ್ತಲಿಗೆ ಎರಡು ಬಾಳೆತೋಟ ದಾಟಿಸುವಷ್ಟರಲ್ಲೇ ಆ ಕಲ್ಲು ಅವನನ್ನು ವಾರವಿಡೀ ಹಾಸಿಗೆ ಹಿಡಿಸಿತ್ತು.